ಮಾವನ ಕ್ಯಾಮೆರಾ ತಪ್ಪು ಕಡೆ ತಿರುಗಿದ ದಿನ

ನಮಸ್ಕಾರ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟ್ರಂಕ್ ಇದೆಯಾ? ಅದರೊಳಗೆ ಫೋಟೊ ನೆಗೆಟಿವ್‌ಗಳಿವೆಯಾ? ಇದ್ದರೆ ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರ್ ಬಾಟಲಿ ತೆರೆದಂಥ ಹುಳಿ ವಾಸನೆ ಮೂಗಿಗೆ ಬಡಿದರೆ ಆ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ. ಹೋದ ವರ್ಷ ಆರಿದ್ರೆ ಮಳೆ ಹಿಡಿದ ವಾರ ನಮ್ಮ ಸೋದರಮಾವನ ಟ್ರಂಕ್ ತೆರೆದಾಗ ನನಗೆ ಬಡಿದದ್ದು ಇದೇ ವಾಸನೆ.

ಮಾವ ಶಿವಮೊಗ್ಗದಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡಿದ್ದರು. ಮದುವೆ, ಉಪನಯನ, ಪಾಸ್‌ಪೋರ್ಟ್ ಸೈಜು, ಏಳನೇ ಕ್ಲಾಸಿನ ಗ್ರೂಪ್ ಫೋಟೊ. ಹೊಟ್ಟೆಪಾಡು ಅದರಲ್ಲಿ. ಹುಚ್ಚು ಮಾತ್ರ ಮೋಟಾರ್ ರೇಸಿನದು. ಅಂಗಡಿ ಬಾಗಿಲಿಗೆ ‘ಇವತ್ತು ರಜ’ ಅಂತ ಸ್ಲೇಟು ನೇತುಹಾಕಿದರೆ ಅತ್ತೆಗೆ ಎಲ್ಲ ಗೊತ್ತಾಗುತ್ತಿತ್ತು. ‘ಸೈಲೆನ್ಸರ್ ಕಿತ್ತ ಗಾಡಿ ಎಲ್ಲಿ ಓಡುತ್ತೋ ಅಲ್ಲಿಗೆ ಹೋಗಿದ್ದಾರೆ ನಿಮ್ಮ ಮಾವ’ ಅನ್ನುತ್ತಿದ್ದರು.

ಆಗ ದಕ್ಷಿಣದವರಿಗೆ ರೇಸ್ ಅಂದರೆ ಮದರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅದು. ಯುದ್ಧ ಮುಗಿದು ಖಾಲಿ ಬಿದ್ದ ಮೇಲೆ ಅಲ್ಲಿ ಕಾರು, ಬೈಕು ಓಡತೊಡಗಿದವು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ ರೇಸಿಗೆಂದೇ ಟ್ರ್ಯಾಕ್ ಬಂತು, ಶೋಲಾವರಂ ಕಾಲ ಮುಗಿಯಿತು. ಮಾವ ರೈಲಿನಲ್ಲಿ ಮದರಾಸಿಗೆ ಹೋಗಿ ಒಂದೆರಡು ದಿನ ಬಿಸಿಲಲ್ಲಿ ಬೆಂದು, ನಾಲ್ಕೈದು ಫಿಲ್ಮ್ ಸುರುಳಿ ಜೇಬಲ್ಲಿಟ್ಟುಕೊಂಡು ವಾಪಸ್ ಬರುತ್ತಿದ್ದರು. ಆ ಸುರುಳಿಗಳೇ ಈಗ ಎಲ್ಲಕ್ಕಿಂತ ಜಾಸ್ತಿ ಹುಳಿ ಹಿಡಿದಿರುವುದು.

ಅವರ ಕ್ಯಾಮೆರಾ ಯಾಶಿಕಾ. ಮುಂದೆ ಎರಡು ಕಣ್ಣಿನ ಹಳೇ ಮಾದರಿ. ಹಿಂದೆಲ್ಲ ಸ್ಟುಡಿಯೊಗಳಲ್ಲಿ ನೀವು ನೋಡಿರುತ್ತೀರಿ, ಫೋಟೊ ತೆಗೆಯುವವರು ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ಮೇಲಿನಿಂದ ಗಾಜಿನೊಳಗೆ ನೋಡುತ್ತಿದ್ದರು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಈಗ ಫೋನಿನಲ್ಲಿ ಒಂದು ದೋಸೆಗೇ ಹನ್ನೆರಡು ತೆಗೆಯುತ್ತೇವೆ! ಆ ಕ್ಯಾಮೆರಾಕ್ಕೆ ಇನ್ನೊಂದು ಗುಣ ಇತ್ತು. ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಎಡಗಡೆಯಿಂದ ಬರುವ ಕಾರು ಬಲಗಡೆಯಿಂದ ಬಂದಂತೆ ಕಾಣುತ್ತದೆ. ನಿಂತ ಮದುಮಗನಿಗೆ ಇದರಿಂದ ಏನೂ ತೊಂದರೆ ಇಲ್ಲ. ಓಡುವ ಕಾರಿಗೆ ಇದೆ. ಕಾರು ಸ್ಪಷ್ಟವಾಗಿ ಬರಬೇಕಾದರೆ ಅದು ಹೋಗುವ ದಿಕ್ಕಿಗೇ ಕ್ಯಾಮೆರಾ ತಿರುಗಿಸುತ್ತಾ ಗುಂಡಿ ಒತ್ತಬೇಕು. ಆಗ ಕಾರು ನಿಂತಂತೆ ಬಂದು ಹಿಂದಿನ ಮರ, ಬೇಲಿ ಎಲ್ಲ ಗೀಚಿದಂತೆ ಆಗುತ್ತದೆ. ವೇಗ ಕಾಣುವುದು ಆ ಗೀಚಿನಲ್ಲೇ. ಆದರೆ ಗಾಜಿನೊಳಗಿನ ಕಾರನ್ನು ನಂಬಿ ತಿರುಗಿದಿರೋ, ಅದು ಆ ಕಡೆ, ನೀವು ಈ ಕಡೆ.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಸಲ ಮಾವನಿಗೆ ಹೀಗೇ ಆಯಿತು. ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ರ‍್ಯಾಲಿ. ರ‍್ಯಾಲಿ ಅಂದರೆ ಎಲ್ಲ ಕಾರುಗಳೂ ಒಟ್ಟಿಗೆ ನುಗ್ಗುವುದಿಲ್ಲ. ಒಂದಾದ ಮೇಲೆ ಒಂದು, ನಡುವೆ ನಿಮಿಷಗಳ ಅಂತರ ಇಟ್ಟು ಬಿಡುತ್ತಾರೆ. ಓಡುವುದು ಗಡಿಯಾರದ ಎದುರು. ಹಾಗಾಗಿ ತೋಟದ ತಿರುವಿನಲ್ಲಿ ನಿಂತವನಿಗೆ ಒಂದು ಕಾರು ಸಿಗುವುದು ಒಂದೇ ಸಲ. ಕೆಮ್ಮಣ್ಣಿನ ಧೂಳು ಇಳಿಯುವಷ್ಟರಲ್ಲಿ ಅದು ಸಿಲ್ವರ್ ಓಕ್ ಮರಗಳ ಆಚೆಗೆ ಹೋಗಿರುತ್ತದೆ. ಮಾವ ಸಾಮಾನ್ಯವಾಗಿ ಕ್ಯಾಮೆರಾದ ಮುಚ್ಚಳದಲ್ಲಿರುವ ಚೌಕದ ಕಿಂಡಿಯಿಂದ ನೇರವಾಗಿ ನೋಡಿ ತೆಗೆಯುತ್ತಿದ್ದರು. ಅವತ್ತು ಆತುರದಲ್ಲಿ ಗಾಜಿನೊಳಗೇ ನೋಡುತ್ತಾ ತಪ್ಪು ಕಡೆ ತಿರುಗಿದರು. ತಪ್ಪಿತು ಅಂತ ಗೊತ್ತಾಗಿ ಕೈ ನಿಂತಿತು. ಅಷ್ಟರಲ್ಲಿ ಬೆರಳು ಒತ್ತಿಬಿಟ್ಟಿತ್ತು.

ಆ ಚಿತ್ರದಲ್ಲಿ ಕಾರೇ ಇಲ್ಲ. ಒಂದು ಅಂಚಿನಲ್ಲಿ ಧೂಳು ಇದೆ. ಸಣ್ಣ ಮೇಜಿನ ಹಿಂದೆ ಕೂತು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವರು ಒಬ್ಬರಿದ್ದಾರೆ. ತೋಟದ ಕೆಲಸದ ಹೆಂಗಸರು ನಾಲ್ಕು ಜನ, ತಲೆಗೆ ಬಟ್ಟೆ ಕಟ್ಟಿಕೊಂಡು, ಕುಕ್ಕೆ ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಾರೆ. ಒಬ್ಬಾಕೆ ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ. ಧರೆಯ ಮೇಲಿನ ಮರದಲ್ಲಿ ಒಬ್ಬ ಹುಡುಗ ಇದ್ದಾನೆ, ಹೆಗಲಿಗೆ ಶಾಲೆಯ ಚೀಲ. ಮಾವ ಇದನ್ನು ‘ವೇಸ್ಟ್’ ಅಂತ ಬರೆದ ಕವರಿನಲ್ಲಿ ಹಾಕಿಟ್ಟಿದ್ದರು. ಇಡೀ ಟ್ರಂಕ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಸರಿ, ಚಿತ್ರ ಸಿಕ್ಕಿತು. ಆದರೆ ಇದು ಯಾವ ವರ್ಷ, ಯಾವ ತೋಟ? ಹಿಂದೆ ಏನೂ ಬರೆದಿಲ್ಲ. ಮಾವ ಹೋಗಿ ಆಗಲೇ ಆರು ವರ್ಷ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದಾರೆ. ಒಂದು ಕಾಲದಲ್ಲಿ ರ‍್ಯಾಲಿ ಗಾಡಿಗಳ ಎಂಜಿನ್ ಬಿಚ್ಚಿ ಕೂರಿಸುತ್ತಿದ್ದವರು. ನೆಗೆಟಿವ್‌ಗಳನ್ನು ಕಿಟಕಿ ಗಾಜಿಗೆ ಹಿಡಿದು ಫೋನಿನಲ್ಲಿ ಫೋಟೊ ತೆಗೆದು ಅವರ ಹತ್ತಿರ ಹೋದೆ. ಮೊದಲನೆಯದು ಒಂದು ಜಿಪ್ಸಿ, ಜೀಪಿನಂಥ ಮಾರುತಿ ಗಾಡಿ. ನೋಡಿದವರೇ ನಕ್ಕರು.

‘ಜಿಪ್ಸಿಗೆ ಎಡಗಡೆ ಸ್ಟೇರಿಂಗ್ ಯಾವಾಗ ಬಂತಮ್ಮ?’

ನಾನು ನೆಗೆಟಿವ್ ಉಲ್ಟಾ ಹಿಡಿದಿದ್ದೆ. ಬಾಗಿಲ ಮೇಲಿನ ನಂಬರ್ 8. ಹೇಗೆ ತಿರುಗಿಸಿದರೂ ಎಂಟೇ, ಹಾಗಾಗಿ ನನಗೆ ತಿಳಿದಿರಲಿಲ್ಲ. ಫಿಲ್ಮಿನ ಒಂದು ಮುಖ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಹೊಳೆಯುವ ಮುಖ ನಿಮ್ಮ ಕಡೆ ಇದ್ದರೆ ಚಿತ್ರ ಸರಿ. ಇಷ್ಟೇ ವಿಷಯ. ನಮ್ಮ ಮಾವನ ಸೊಸೆಯಾಗಿ ನನಗೆ ಇದು ಗೊತ್ತಿರಬೇಕಿತ್ತು ಅಲ್ವಾ?

ಆಮೇಲೆ ಮೇಸ್ತ್ರಿ ಸಾಕ್ಷಿ ಹೇಳುವವರಂತೆ ಒಂದೊಂದೇ ಹೇಳುತ್ತಾ ಹೋದರು. ಮಾರುತಿ ಜಿಪ್ಸಿ ಬಂದದ್ದು 1985ರ ಕೊನೆಗೆ. ಹಾಗಾಗಿ ಚಿತ್ರ ಅದಕ್ಕಿಂತ ಹಳೆಯದಲ್ಲ. ಹಿಂದೆ ನಿಲ್ಲಿಸಿದ ಬೈಕಿನ ನಂಬರ್ ಕೆಎ 18. ನಮ್ಮ ಶಿವಮೊಗ್ಗ 14, ಸಾಗರ 15, ಚಿಕ್ಕಮಗಳೂರು 18. ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರಲ್ಲಿ, ಕೆಎ ನಂಬರ್ ಬಂದದ್ದು ಆಮೇಲೆ. ಅದಕ್ಕೂ ಹಿಂದೆ ಮೈಸೂರು ರಾಜ್ಯದ ಕಾಲದ ಗಾಡಿಗಳಲ್ಲಿ ಎಂವೈ ಅಕ್ಷರ ಇರುತ್ತಿತ್ತು. ಶೋಲಾವರಂ ಸುರುಳಿಯಲ್ಲೂ ಹೀಗೇ. ಟ್ಯಾಂಕಿನ ಮೇಲೆ ಜಾವಾ ಅಂತ ಇದ್ದರೆ ಒಂದು ಕಾಲ, ಯೆಜ್ಡಿ ಅಂತ ಇದ್ದರೆ ಅದಕ್ಕಿಂತ ಈಚೆಗೆ. ಎರಡೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವೇ. ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೇಸ್ತ್ರಿ ಗಾಡಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ, ಅದು ಬೇರೆ ಮಾತು. ಕಿವಿ ಮುಚ್ಚಿಕೊಂಡ ಹೆಂಗಸನ್ನು ತೋರಿಸಿದರೆ ‘ಎಂಜಿನ್ ಟ್ಯೂನಿಂಗ್ ಚೆನ್ನಾಗಿತ್ತು ಅಂತಾಯ್ತು’ ಅಂದರು.

ಕಾರುಗಳು ಇರುವ ಚಿತ್ರ ಮತ್ತು ‘ವೇಸ್ಟ್’ ಚಿತ್ರ ಒಂದೇ ಸುರುಳಿಯವು ಅಂತ ಗೊತ್ತಾದದ್ದು ಕತ್ತರಿಸಿದ ಅಂಚು ಒಂದಕ್ಕೊಂದು ಕೂಡಿಕೊಂಡಿದ್ದರಿಂದ. ದಯವಿಟ್ಟು ಹಳೆಯ ನೆಗೆಟಿವ್ ಪಟ್ಟಿಗಳನ್ನು ಬೇರೆ ಬೇರೆ ಮಾಡಬೇಡಿ. ಒಂದರ ಪಕ್ಕ ಯಾವುದಿತ್ತು ಅನ್ನುವುದೇ ಅರ್ಧ ಕಥೆ ಹೇಳುತ್ತದೆ.

ಇಂಥ ತಪ್ಪು ದೊಡ್ಡವರಿಗೂ ಆಗಿದೆ. ಫ್ರಾನ್ಸಿನಲ್ಲಿ ಝಾಕ್ ಆಂರಿ ಲಾರ್ತಿಗ್ ಅಂತ ಒಬ್ಬ ಹುಡುಗ ಇದ್ದ. ಹದಿಹರೆಯದಲ್ಲೇ ಗ್ರಾಂಡ್ ಪ್ರಿ ರೇಸಿನ ಒಂದು ಫೋಟೊ ತೆಗೆದ. ಕಾರಿನ ಚಕ್ರ ಗುಂಡಗಿಲ್ಲ, ಮೊಟ್ಟೆಯ ಹಾಗೆ ಮುಂದಕ್ಕೆ ಬಾಗಿದೆ. ನೋಡಲು ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಅವನ ಕ್ಯಾಮೆರಾದಲ್ಲಿ ಬೆಳಕು ಒಳಗೆ ಬರುವುದು ಒಂದು ಸಣ್ಣ ಸೀಳಿನಿಂದ, ಆ ಸೀಳು ಚಿತ್ರ ಮೂಡುವ ಜಾಗದ ಉದ್ದಕ್ಕೂ ಜಾರುತ್ತಾ ಹೋಗಬೇಕು. ಅದು ಜಾರುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಹುಡುಗ ಕ್ಯಾಮೆರಾ ತಿರುಗಿಸುತ್ತಲೂ ಇದ್ದ, ಕಾರಿನಷ್ಟು ವೇಗವಾಗಿ ಅಲ್ಲ. ಅದಕ್ಕೇ ಕಾರು ಒಂದು ಕಡೆ, ಜನ ಇನ್ನೊಂದು ಕಡೆ. ಎಷ್ಟೋ ದಶಕ ಈ ಚಿತ್ರದ ಕೆಳಗೆ 1912 ಅಂತ ಅಚ್ಚಾಗುತ್ತಿತ್ತು. ಆಮೇಲೆ ರೇಸಿನ ಇತಿಹಾಸ ಬಲ್ಲವರು ಕೂತು ಕಾರನ್ನೂ ಅದರ ನಂಬರನ್ನೂ ತಾಳೆ ನೋಡಿದರು. ಅದು 1913ರ ರೇಸ್. ಲೋಕಪ್ರಸಿದ್ಧ ಚಿತ್ರಕ್ಕೇ ಹೀಗಾದರೆ ನಮ್ಮ ಮಾವನ ಕವರಿನ ಗತಿ ಏನು ಹೇಳಿ.

ಮಾವನಿಗೆ ಇನ್ನೊಬ್ಬರ ಮೇಲೆ ಹೊಟ್ಟೆಕಿಚ್ಚು ಇತ್ತು. ಲೂಯಿ ಕ್ಲೆಮಂಟಾಸ್ಕಿ ಅಂತ ಇಂಗ್ಲೆಂಡಿನ ಫೋಟೊಗ್ರಾಫರ್. ರದ್ದಿ ಅಂಗಡಿಯಲ್ಲಿ ಸಿಕ್ಕಿದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅವರ ಚಿತ್ರ ನೋಡುತ್ತಿದ್ದರು. 1957ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಈ ಮನುಷ್ಯ ಪೀಟರ್ ಕಾಲಿನ್ಸ್ ಓಡಿಸುತ್ತಿದ್ದ ಫೆರಾರಿಯಲ್ಲಿ ನ್ಯಾವಿಗೇಟರ್ ಆಗಿ ಪಕ್ಕದಲ್ಲಿ ಕೂತರು. ದಾರಿಯೂ ಹೇಳಬೇಕು, ಫೋಟೊನೂ ತೆಗೆಯಬೇಕು. ಬ್ರೆಷಿಯಾದಿಂದ ರೋಮ್, ರೋಮ್‌ನಿಂದ ವಾಪಸ್, ಹತ್ತಿರ ಹತ್ತಿರ 1600 ಕಿಲೋಮೀಟರ್, ಊರುಗಳ ನಡುವಿನ ಮಾಮೂಲಿ ರಸ್ತೆ. ಮುಂದಿದ್ದ ಅವರ ಕಾರು ಪಾರ್ಮಾದ ಬಳಿ ಕೆಟ್ಟು ನಿಂತಿತು. ಅದೇ ದಿನ ಇನ್ನೊಂದು ಫೆರಾರಿ ಜನರ ಮೇಲೆ ನುಗ್ಗಿ ಒಂಬತ್ತು ಮಂದಿ ನೋಡುಗರು ಸತ್ತರು. ಓಡಿಸುತ್ತಿದ್ದವನೂ ಅವನ ಜೊತೆಗಾರನೂ ಉಳಿಯಲಿಲ್ಲ. ಮಿಲ್ಲೆ ಮಿಲ್ಯಾ ವೇಗದ ಪೈಪೋಟಿಯಾಗಿ ಆ ರೂಪದಲ್ಲಿ ನಡೆದದ್ದು ಅದೇ ಕೊನೆ. ಈಗ ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಬಸ್ಸಿಗೆ ಎದುರಾಗಿ ಬೈಕ್ ಬಗ್ಗಿಸಿ ರೀಲ್ಸ್ ಮಾಡುವ ಹುಡುಗರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ. ತೋಟದ ರಸ್ತೆ ಮುಚ್ಚಿ, ಹೆಲ್ಮೆಟ್ ಹಾಕಿ, ಆಂಬುಲೆನ್ಸ್ ನಿಲ್ಲಿಸಿ ಓಡಿಸುವುದು ರ‍್ಯಾಲಿ. ಇದು ಸುಮ್ನೆ ಪುಂಡಾಟ.

ಇನ್ನು ಕಾಪಾಡುವ ವಿಷಯ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ನೂರಾರು ವರ್ಷದ ತಾಳೆಗರಿಗಳಿವೆ. ನಮ್ಮ ಹಿರಿಯರು ಗರಿಗಳಿಗೆ ಎಣ್ಣೆ ಸವರಿ ಅಟ್ಟದ ಮೇಲೆ ಇಡುತ್ತಿದ್ದರು, ಒಲೆಯ ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಅದೇ ಬುದ್ಧಿಯನ್ನು ನೆಗೆಟಿವ್‌ಗೆ ಉಪಯೋಗಿಸಿದರೆ ಕೆಟ್ಟಿತು. ನಮ್ಮ ಮನೆಯಲ್ಲಿ ಆದದ್ದು ಅದೇ. ಟ್ರಂಕ್ ಇದ್ದದ್ದು ಬಚ್ಚಲ ಒಲೆಯ ನೇರ ಮೇಲೆ. ಬಿಸಿ, ಹಬೆ, ಹೊಗೆ ಮೂರೂ ಸಿಕ್ಕಿವೆ. ಫಿಲ್ಮಿನ ಮೇಲೆ ಜೆಲಟಿನ್ ಪದರ ಇರುತ್ತದೆ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು, ಬೂಷ್ಟಿಗೆ ಹಬ್ಬದೂಟ. ಗಾಳಿಯ ತೇವ ಅರ್ಧಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಆಶ್ಲೇಷ ಮಳೆಯಲ್ಲಿ ನಮ್ಮ ಮನೆಯ ಒಗೆದ ಬಟ್ಟೆ ಕೇಳಿ, ತೇವ ಎಷ್ಟಿರುತ್ತದೆ ಅಂತ ಅವೇ ಹೇಳುತ್ತವೆ.

ಈಗ ನಾನು ಮಾಡಿರುವುದು ಇಷ್ಟು. ಹುಳಿ ಹಿಡಿದವನ್ನು ಬೇರೆ ಪೆಟ್ಟಿಗೆಗೆ ಹಾಕಿದೆ. ಆ ಆವಿ ತಾಗಿದರೆ ಪಕ್ಕದವೂ ಬೇಗ ಕೆಡುತ್ತವೆ. ಮೊದಲು ಸ್ಕ್ಯಾನ್ ಮಾಡಿಸಿದ್ದೂ ಅವನ್ನೇ, ಏಕೆಂದರೆ ಹೋದದ್ದು ವಾಪಸ್ ಬರುವುದಿಲ್ಲ. ಉಳಿದವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ಒಳಗೋಡೆಗೆ ಆನಿಸಿದ ಬೀರುವಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಸಿಲಿಕಾ ಜೆಲ್ ತೇವ ಕುಡಿದು ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಇಡುತ್ತೇನೆ. ಆ ಬಾಣಲೆ ಅಡುಗೆಗೆ ಬೇಡ. ಪ್ರಿಂಟ್‌ಗಳ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯುವುದಿಲ್ಲ. ಒತ್ತಿದ ಗುರುತು ಮುಂದೆ ಮೂಡುತ್ತದೆ, ಶಾಯಿಯೂ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ಒಂದು ಕಡೆ ಮೋಸ ಹೋದೆ. ಸ್ಕ್ಯಾನ್‌ಗೆ ಕೊಟ್ಟ ಅಂಗಡಿಯವರು ನಲವತ್ತು ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿದರು. ದೊಡ್ಡದು ಮಾಡಿ ನೋಡಿದರೆ ಬೈಕಿನ ನಂಬರ್ ಬರೀ ಚುಕ್ಕಿ. ಫೋಟೊ ಅಂತ ಕಳಿಸಿದರೆ ಅಲ್ಲಿ ಗಾತ್ರ ಕುಗ್ಗಿಬಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ಕೇಳಿ ಪಡೆಯಿರಿ. ನಮ್ಮ ಮೇಸ್ತ್ರಿ ವರ್ಷ ಹೇಳಿದ್ದು ಆ ಒಂದು ನಂಬರ್ ಪ್ಲೇಟಿನಿಂದ ಅನ್ನುವುದು ನೆನಪಿರಲಿ.

ದೊಡ್ಡ ಆಟಗಾರರ ಚಿತ್ರಗಳು ಹೇಗೋ ಉಳಿಯುತ್ತವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತು ನಮ್ಮ ಪಕ್ಕದ ಚಿಕ್ಕಮಗಳೂರಿನಲ್ಲೇ ನಡೆದಿದೆ. ಆ ಚಾಂಪಿಯನ್‌ಷಿಪ್ ಅನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರ ಫೋಟೊ ಕಂಪನಿಗಳ ಹತ್ತಿರ, ಪತ್ರಿಕೆಗಳ ಹತ್ತಿರ ಸಾವಿರ ಇರುತ್ತವೆ. ಮೇಜಿನ ಹಿಂದೆ ಮಳೆಯಲ್ಲಿ ಕೂತು ಸಮಯ ಬರೆದುಕೊಂಡವರದು? ತೋಟದ ಗೇಟು ತೆಗೆದವರದು? ಅವು ಇದ್ದರೆ ನಿಮ್ಮ ಆಲ್ಬಮ್‌ಗಳಲ್ಲಿ ಇರಬೇಕು, ಇಲ್ಲವೇ ಬಾಗಿಲು ಹಾಕಿದ ಸ್ಟುಡಿಯೊಗಳ ಗೋಣಿಚೀಲದಲ್ಲಿ. ಹಳೆಯ ಫಿಲ್ಮನ್ನು ಅದರೊಳಗಿನ ಬೆಳ್ಳಿಗಾಗಿ ತೂಕಕ್ಕೆ ಕೊಳ್ಳುವವರಿದ್ದಾರೆ. ಕೊಡುವ ಮುಂಚೆ ಒಂದು ಸಲ ಕಿಟಕಿಗೆ ಹಿಡಿದು ನೋಡಿ.

‘ವೇಸ್ಟ್’ ಚಿತ್ರವನ್ನು ಈಗ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಹಿಂದೆ ಪೆನ್ಸಿಲ್‌ನಲ್ಲಿ ಗೊತ್ತಿದ್ದಷ್ಟು ಬರೆದಿದ್ದೇನೆ. ಮರದ ಮೇಲಿನ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಖಾಕಿ ಚಡ್ಡಿ, ಹೆಗಲಿಗೆ ಚೀಲ, ಬಗಲಲ್ಲಿ ಮಡಿಸಿದ ಕೊಡೆ, ಎಡಗಾಲಿನಲ್ಲಿ ಮಾತ್ರ ಚಪ್ಪಲಿ. ಅವತ್ತು ಶಾಲೆ ತಪ್ಪಿಸಿ ರ‍್ಯಾಲಿ ನೋಡಿದ್ದು ನೀವೇ ಆಗಿದ್ದು ಈಗ ಕೇಳುತ್ತಿದ್ದರೆ, ಆಕಾಶವಾಣಿಗೆ ಒಂದು ಕಾಗದ ಹಾಕಿ. ಇನ್ನೊಂದು ಚಪ್ಪಲಿ ಎಲ್ಲಿ ಬಿತ್ತು ಅಂತಲೂ ಬರೆಯಿರಿ.

ನಮಸ್ಕಾರ.