ಕಾಡಿಗೆ, ಗಜಕರ್ಣ ಮತ್ತು ಕಣ್ಣಿನ ಬಿಳಿ ಚುಕ್ಕೆ

ಎಲ್ಲರಿಗೂ ಶರಣು. ರಾಶಿಯ ಕೆಲಸ ಬಿಟ್ಟು ಬಂದಿದ್ದೀರಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ವಿಜಯಪುರದ ಕಡೆ ಜೋಳ ಬೆಳೆಯುವವರಿಗೆ ಕಾಡಿಗೆ ರೋಗ ಗೊತ್ತಿರುವುದೇ. ತೆನೆಯಲ್ಲಿ ಕಾಳು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಸಣ್ಣ ಚೀಲ. ಒತ್ತಿದರೆ ಕರೀ ಪುಡಿ, ಥೇಟ್ ಕಣ್ಣಿಗೆ ಹಚ್ಚುವ ಕಾಡಿಗೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ, ಅಂದರೆ ಫಂಗಸ್ಸಿನ ಬೀಜ. ರಾಶಿ ಮಾಡುವಾಗ ಒಳ್ಳೆಯ ಕಾಳಿಗೂ ಅಂಟುತ್ತದೆ. ಮುಂದಿನ ಸಲ ಬಿತ್ತಿದಾಗ ಕಾಳಿನ ಜೊತೆಗೇ ಮೊಳೆಯುತ್ತದೆ. ಅದಕ್ಕೇ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಬೆರೆಸಿ ಬಿತ್ತಿ ಅನ್ನುವುದು.

ತೊಗರಿಯ ನೆಟೆ ರೋಗ, ದ್ರಾಕ್ಷಿಯ ಬೂದಿ ರೋಗ, ರೊಟ್ಟಿಗೆ ಹಿಡಿಯುವ ಬೂಸ್ಟು, ಎಲ್ಲ ಇದೇ ಬಳಗ. ಜೋಳದ ಕಾಡಿಗೆ ನಮಗೆ ಅಂಟುವುದಿಲ್ಲ. ಆದರೆ ಇದೇ ಬಳಗದ್ದಾದ ಕೊಟ್ಟಿಗೆಯ ಗಜಕರ್ಣ ಅಂಟುತ್ತದೆ. ಕರುವಿನ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಕೂದಲು ಉದುರಿ, ದುಂಡಗೆ ಬೂದು ಹಕ್ಕಳೆ ಕಟ್ಟಿದ್ದರೆ ಮಕ್ಕಳನ್ನು ಅದರಿಂದ ದೂರ ಇಡಿ. ಕರುವನ್ನು ಪಶುವೈದ್ಯರಿಗೆ ತೋರಿಸಿ.

ಇಲ್ಲೇ ನಾವು ತಪ್ಪುವುದು. ಮೈಮೇಲೆ ಗಜಕರ್ಣ ಎದ್ದ ಕೂಡಲೇ ಅಂಗಡಿಗೆ ಹೋಗಿ ‘ತುರಿಕೆಯ ಟ್ಯೂಬ್ ಕೊಡಿ’ ಅನ್ನುತ್ತೇವೆ. ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ವಾಸಿಯಾಯಿತು ಅನಿಸುತ್ತದೆ. ನಿಜವಾಗಿ ಅಲ್ಲಿ ಸುಮ್ಮನಾಗಿರುವುದು ನಮ್ಮ ಮೈಯ ಕಾವಲು. ಶಿಲೀಂಧ್ರ ಆರಾಮಾಗಿ ಹರಡುತ್ತಿರುತ್ತದೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ನೆನಪಿದೆ ಅಲ್ವಾ? ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರನ್ನು, ಸ್ಟೀರಾಯ್ಡ್ ಜಾಸ್ತಿ ತಗೊಂಡವರನ್ನು ಅದು ಹೆಚ್ಚು ಕಾಡಿತು.

ನಾನು ಕಣ್ಣಿನ ಡಾಕ್ಟರು. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಜೋಳದ ಎಲೆ, ಕಬ್ಬಿನ ರವದಿ. ಕೊಯ್ಯುವಾಗ ಎಲೆಯ ಅಂಚು ಕಣ್ಣಿಗೆ ತಾಗುತ್ತದೆ. ಗೀರು ಕಾಣುವುದೂ ಇಲ್ಲ. ಎಲೆಯ ಮೇಲಿದ್ದ ಶಿಲೀಂಧ್ರ ಆ ಗೀರಿನೊಳಗೆ ಕೂರುತ್ತದೆ. ಕೆಲವು ದಿನ ಬಿಟ್ಟು ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ಬೆಳಕು ನೋಡಲು ಆಗುವುದಿಲ್ಲ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ.

ಒಬ್ಬ ತಾಯಿ ಹನ್ನೆರಡನೇ ದಿನ ಬಂದರು. ಮೊದಲು ಹರಳೆಣ್ಣೆ ಬಿಟ್ಟಿದ್ದರು, ಆಮೇಲೆ ಮನೆಯಲ್ಲಿದ್ದ ಯಾವುದೋ ಹಳೇ ಡ್ರಾಪ್ಸ್. ಬಾಟಲಿ ಓದಿದೆ, ಸ್ಟೀರಾಯ್ಡ್. ಹುಣ್ಣಿನಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಶಿಲೀಂಧ್ರದ ಕವಲೊಡೆದ ಎಳೆಗಳು, ನೂಲು ಸಿಕ್ಕು ಬಿದ್ದ ಹಾಗೆ. ಶಿಲೀಂಧ್ರ ಕೊಲ್ಲುವ ನಟಾಮೈಸಿನ್ ಡ್ರಾಪ್ಸ್ ಶುರು ಮಾಡಿದೆವು, ಗಂಟೆಗೊಮ್ಮೆ, ರಾತ್ರಿಯೂ. ವಾರಗಟ್ಟಲೆ ಅವರ ಮಗಳು ಎದ್ದೆದ್ದು ಹಾಕಿದಳು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಮೂರನೇ ದಿನವೇ ಬಂದಿದ್ದರೆ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಹಾಗಾಗಿ ಕೊಯ್ಲಿಗೆ ಹೋಗುವಾಗ ಕನ್ನಡಕ ಹಾಕಿ, ಸಾದಾ ಪ್ಲಾಸ್ಟಿಕ್ಕಿನದಾದರೂ ಸಾಕು. ಎಲೆ ತಾಗಿದರೆ ಉಜ್ಜಬೇಡಿ, ಚೊಕ್ಕ ನೀರಿನಲ್ಲಿ ತೊಳೆಯಿರಿ. ಎಣ್ಣೆ, ಎದೆಹಾಲು ಯಾವುದೂ ಬೇಡ. ನೋವು, ಕೆಂಪು ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಯಾರೂ ಬೈಯುವುದಿಲ್ಲ.