ಅರ್ಧ ಬೆಲೆಯ ಮನೆ, 36 ತಿಂಗಳ ಋಣ

ಕೇಳುಗರಿಗೆ ನಮಸ್ಕಾರ.

ಬೆಂಕಿ ಆರಿಸುವವರು, ಆಂಬುಲೆನ್ಸ್ ಸಿಬ್ಬಂದಿ ತಾವು ಕಾಯುವ ಊರಲ್ಲೇ ಮನೆ ಮಾಡಿಕೊಂಡಿರಲಿ ಎಂದು ಅಮೆರಿಕದ ಕೇಂದ್ರ ವಸತಿ ಇಲಾಖೆ ಒಂದು ಯೋಜನೆ ನಡೆಸುತ್ತದೆ. ಹೆಸರು ‘ಗುಡ್ ನೇಬರ್ ನೆಕ್ಸ್ಟ್ ಡೋರ್’. 1997ರಲ್ಲಿ ಪೊಲೀಸರಿಗೆಂದು ಶುರುವಾಗಿ, ಆಮೇಲೆ ಶಿಕ್ಷಕರಿಗೆ, 2006ರ ನಿಯಮದಿಂದ ಅಗ್ನಿಶಾಮಕ ಮತ್ತು ತುರ್ತು ವೈದ್ಯಕೀಯ ಸಿಬ್ಬಂದಿಗೂ ಸಿಕ್ಕಿತು. ಕೆಲಸ ಪೂರ್ಣಾವಧಿಯದಾಗಿರಬೇಕು; ಹಿಂದಿನ 12 ತಿಂಗಳಲ್ಲಿ ಸ್ವಂತ ಮನೆ ಇರಬಾರದು.

ಸರ್ಕಾರಿ ವಿಮೆಯ ಸಾಲ, ಅಂದರೆ ಸರ್ಕಾರವೇ ವಿಮೆ ಮಾಡಿದ ಗೃಹಸಾಲ, ತೀರದೆ ಇಲಾಖೆಯ ಪಾಲಾದ ಮನೆಗಳಿವು, ಅದೂ ಸೊರಗಿದ ಬಡಾವಣೆಗಳಲ್ಲಿ. ಮಾರಾಟದ ಪಟ್ಟಿಗೆ ಬಂದ ಮೇಲೆ 7 ದಿನ ಈ ವರ್ಗದವರಿಗೇ ಮೀಸಲು. ಇಲಾಖೆಯಲ್ಲಿ ನೋಂದಾಯಿಸಿದ ಬ್ರೋಕರ್ ಮೂಲಕವೇ, ಪಟ್ಟಿಯ ಪೂರ್ತಿ ಬೆಲೆಗೇ ಅರ್ಜಿ ಹಾಕಬೇಕು. ಇಲ್ಲಿ ಚೌಕಾಸಿ ನಡೆಯದು. ಒಂದಕ್ಕಿಂತ ಹೆಚ್ಚು ಅರ್ಜಿ ಬಂದರೆ ಲಾಟರಿ.

ಗೆದ್ದವರಿಗೆ ಬೆಲೆಯಲ್ಲಿ ಅರ್ಧ ಬಿಡುತ್ತಾರೆ. ಪಟ್ಟಿಯಲ್ಲಿ 1,00,000 ಡಾಲರ್ ಇದ್ದರೆ ಕಟ್ಟುವುದು 50,000. ಆದರೆ ಬಿಟ್ಟ ಅರ್ಧವನ್ನು ದಾನವೆಂದುಕೊಂಡವರು ಎಡವುತ್ತಾರೆ. ಅದು ಮನೆಯ ಮೇಲೆ ಎರಡನೇ ಅಡಮಾನವಾಗಿ ಕೂತಿರುತ್ತದೆ. ಬಡ್ಡಿಯಿಲ್ಲ, ಕಂತಿಲ್ಲ, ಅದನ್ನು ತೀರಿಸುವುದು ವಾಸದಿಂದ. ಬೇರೆಲ್ಲೂ ಅಲ್ಲ, ಅದೊಂದೇ ಮನೆಯಲ್ಲಿ ವಾಸವಿದ್ದಂತೆಲ್ಲ ತಿಂಗಳಿಗೆ 36ರಲ್ಲಿ ಒಂದು ಪಾಲು ಕರಗುತ್ತದೆ. ಒಂದು ವರ್ಷಕ್ಕೇ ಬಿಟ್ಟು ಹೊರಟರೆ ಮೂರರಲ್ಲಿ ಎರಡು ಪಾಲು ತಲೆಯ ಮೇಲೆ ಉಳಿಯುತ್ತದೆ. ಬಾಡಿಗೆಗೆ ಕೊಟ್ಟು ಬೇರೆಡೆ ಇರುವುದಂತೂ ನಿಯಮಭಂಗ.

ಕೈ ಸುಡುವುದು ರಿಪೇರಿಯಲ್ಲಿ. ಮನೆ ಇದ್ದ ಸ್ಥಿತಿಯಲ್ಲೇ ಮಾರಾಟ. ಸೋರುವ ಸೂರು, ಒಡೆದ ಪೈಪು ಎಲ್ಲ ಕೊಂಡವರದೇ. ಖಾಲಿ ಬಿದ್ದ ಮನೆಯಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿ ಪೈಪು ಒಡೆದಿರಬಹುದು, ಅವನ್ನು ಮೊದಲು ನೋಡಿಸಬೇಕು. ರಿಪೇರಿ 10,000 ಡಾಲರ್ ಒಳಗಿದ್ದರೆ 30 ದಿನದಲ್ಲಿ, 20,000ದ ಒಳಗಿದ್ದರೆ 90 ದಿನದಲ್ಲಿ, ಅದನ್ನೂ ಮೀರಿದರೆ 180 ದಿನದಲ್ಲಿ ವಾಸ ಶುರುವಾಗಬೇಕು. 36 ತಿಂಗಳ ಎಣಿಕೆ ಅಲ್ಲಿಂದಲೇ. ಸರ್ಕಾರಿ ವಿಮೆಯ ಸಾಲ ಪಡೆದರೆ ಕೈಯಿಂದ ಹಾಕುವ ಪಾಲು ಬರೀ 100 ಡಾಲರ್ ಇರಬಹುದು. ಆದರೆ ಆ 100 ಡಾಲರ್ ನೋಡಿ ಹಿಗ್ಗಿದವರ ಲೆಕ್ಕದಲ್ಲಿ ನೋಂದಣಿ, ವಕೀಲರ ಖರ್ಚು ಇರುವುದಿಲ್ಲ. ರಿಪೇರಿಯನ್ನೂ ಸಾಲದಲ್ಲೇ ಸೇರಿಸುವ 203ಕೆ ಎಂಬ ಬಗೆ ಇದೆ, ಮುರುಕಲು ಮನೆಗೆ ಅದೇ ಸರಿ.

ವರ್ಷಕ್ಕೊಮ್ಮೆ ‘ಇಲ್ಲೇ ವಾಸವಿದ್ದೇನೆ’ ಎಂಬ ದೃಢೀಕರಣ ಪತ್ರ ಬರುತ್ತದೆ. ಸಹಿ ಮಾಡಿ ಹಿಂದಿರುಗಿಸದಿದ್ದರೆ ವಿಚಾರಣೆ ಬಾಗಿಲಿಗೆ ಬರುತ್ತದೆ. 36 ತಿಂಗಳು ತುಂಬಿದ ಮೇಲೆ ಮಾರಿದರೆ, ಬಂದ ಲಾಭದಲ್ಲಿ ಇಲಾಖೆಗೆ ಪಾಲಿಲ್ಲ.

ನಮಸ್ಕಾರ.