ರಕ್ತದ ವರದಿ ಜಾತಕವಲ್ಲ

ಕೇಳುಗರಿಗೆ ನಮಸ್ಕಾರ. ಲಕ್ವ ಹೊಡೆದವರ ಮನೆಯವರು ನನ್ನನ್ನು ಕೇಳುವುದು ಒಂದೇ ಮಾತು: "ಇವರು ಮತ್ತೆ ಎದ್ದು ಓಡಾಡುತ್ತಾರೆಯೇ, ಡಾಕ್ಟರೇ?" ಕೈಯಲ್ಲಿ ಲ್ಯಾಬ್ ವರದಿ, ದಪ್ಪಕ್ಷರದ ಅಂಕಿಯ ಮೇಲೆ ಬೆರಳು.

ಏನದು ಅಂಕಿ? ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತು ಜೀವಕೋಶಗಳು ಸತ್ತರೆ ಮೈಯಲ್ಲೆಲ್ಲ ಉರಿಯೂತ ಏಳುತ್ತದೆ. ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಇವು ಹೆಚ್ಚು ಏರುಪೇರಾದವರಲ್ಲಿ ಮೂರು ತಿಂಗಳ ನಂತರದ ಚೇತರಿಕೆ ಕಡಿಮೆ. ನಿಜ. ಆದರೆ ಅದು ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿ ಹಾಕಿದ ಲೆಕ್ಕ, ನಿಮ್ಮ ತಂದೆಯ ಜಾತಕವಲ್ಲ.

ಶಿಡ್ಲಘಟ್ಟದ ಒಬ್ಬ ರೇಷ್ಮೆ ರೀಲರ್. ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ಬಂದ ದಿನ ಸಿಆರ್‌ಪಿ ಅಷ್ಟೇನೂ ಇರಲಿಲ್ಲ. ಮೂರನೆಯ ದಿನ ನೂರು ದಾಟಿತು. ಅಳಿಯ ಮೊಬೈಲಿನಲ್ಲಿ ಅದೇನೋ ಓದಿಕೊಂಡು ಬಂದು, "ಇನ್ನು ಆಗುವುದಿಲ್ಲವಂತೆ, ಊರಿಗೆ ಕರೆದುಕೊಂಡು ಹೋಗಿ ನಾಟಿ ಔಷಧ ಕೊಡಿಸುತ್ತೇವೆ" ಎಂದರು. ನಾನು ಸ್ವಲ್ಪ ಜೋರಾಗಿಯೇ ಮಾತನಾಡಿದೆ. ಆಮೇಲೆ ರೋಗಿಯ ಹೆಂಡತಿಯನ್ನು ಪಕ್ಕಕ್ಕೆ ಕರೆದು ವಿಚಾರಿಸಿದರೆ, ಪಾಪ, ಹಸಿದಿರುತ್ತಾರೆಂದು ರಾತ್ರಿ ಮಲಗಿದ್ದ ಹಾಗೆಯೇ ರಾಗಿ ಗಂಜಿ ಕುಡಿಸಿದ್ದರು! ಲಕ್ವದಲ್ಲಿ ನುಂಗುವ ಶಕ್ತಿಯೂ ಕುಂದಿರುತ್ತದೆ. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಅಂಕಿ ಹೇಳಿದ್ದು ಅದನ್ನು! ಆಂಟಿಬಯಾಟಿಕ್ ಕೊಟ್ಟೆವು, ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟೆವು, ಸಿಆರ್‌ಪಿ ಇಳಿಯಿತು. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಈಗ ಕೋಲು ಹಿಡಿದು ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತಾರೆ, ಗೂಡು ಚೆನ್ನಾಗಿಲ್ಲವೆಂದು ಜಗಳವನ್ನೂ ಆಡುತ್ತಾರೆ.

ಹಾಗಾಗಿ ಅಂಕಿ ಏರಿದರೆ "ಏಕೆ ಏರಿತು" ಎಂದು ಕೇಳಿ. "ಉಳಿಯುತ್ತಾರೆಯೇ" ಎಂದು ಲ್ಯಾಬಿನವರನ್ನು ಕೇಳಬೇಡಿ, ದಯವಿಟ್ಟು. ವರದಿ ಜಾತಕವಲ್ಲ.

ಸಮಯವಾಯಿತೆಂದು ಇಲ್ಲಿ ಕೈಸನ್ನೆ ಮಾಡುತ್ತಿದ್ದಾರೆ. ಫಿಸಿಯೋಥೆರಪಿ ಬಗ್ಗೆ ಹೇಳಬೇಕೆಂದಿದ್ದೆ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಇದೊಂದು ಕೇಳಿಸಿಕೊಳ್ಳಿ: ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡಲು ಲಕ್ವ ಹೊಡೆದಾಗಿನಿಂದ ಇರುವುದು ನಾಲ್ಕೂವರೆ ಗಂಟೆಯ ಅವಧಿ. ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ನೀರನ್ನೂ ಹಾಕಬೇಡಿ.